ಮುಯ್ಯಿಗೆ ಓದಿದ ಎರಡು ವರ್ಷ

ಆಗಸ್ಟ್ ಮೂರು, ರವಿವಾರ, ಬೆಳಿಗ್ಗೆ ಆರೂ ಹತ್ತು. ದುಂಡಸಿ.

ಅವ್ವ ಈಗಷ್ಟೇ ಬುತ್ತಿ ಕಟ್ಟಿಕೊಂಡು, ಕೈಯಲ್ಲಿ ಕುರ್ಪಿ ಹಿಡಿದು ಹೊರಟುಹೋದಳು. ನಮ್ಮ ಓಣಿಯ ಕೊನೆಯ ಮನೆಯವರ ಗೋವಿನಜೋಳದ ಹೊಲದಲ್ಲಿ ಇವತ್ತು ಕಳೆ ತೆಗೆಯುವುದಿದೆ. ಗುರುವಾರ ಆ ಮನೆಯವರು ನಮ್ಮ ಹೊಲಕ್ಕೆ ಬಂದಿದ್ದರು. ನಮ್ಮ ಕಡೆ ಇದಕ್ಕೆ ಮುಯ್ಯಿ ಅನ್ನುತ್ತಾರೆ. ಕೂಲಿ ಕೊಡುವುದಿಲ್ಲ, ಕೇಳುವುದೂ ಇಲ್ಲ. ಇವತ್ತು ಇವರು ಅವರ ಹೊಲದಲ್ಲಿ ಬಗ್ಗಿದರೆ ನಾಡಿದ್ದು ಅವರು ಇವರ ಹೊಲದಲ್ಲಿ ಬಗ್ಗುತ್ತಾರೆ. ಒಬ್ಬರ ಕೈಯಲ್ಲಿ ಆಗದ ಕೆಲಸ ಹೀಗೆ ಹತ್ತು ಕೈಗಳಲ್ಲಿ ಮುಗಿದುಹೋಗುತ್ತದೆ.

ನಾನು ಮತ್ತು ನನ್ನ ಗೆಳತಿ ಪಿಯುಸಿ ವಿಜ್ಞಾನವನ್ನು ಎರಡು ವರ್ಷ ಹೀಗೆಯೇ ಮುಯ್ಯಿಗೆ ಓದಿದೆವು. ಡಾಕ್ಟರಾಗಬೇಕು ಎಂದು ಓದಿದೆವು. ಜೂನ್ ತಿಂಗಳಲ್ಲಿ ನೀಟ್ ಪರೀಕ್ಷೆಯ ಫಲಿತಾಂಶ ಬಂತು. ಇಬ್ಬರಿಗೂ ಸೀಟು ಸಿಗುವ ಮಾತಿಲ್ಲ. ನಾನು ಇನ್ನೊಂದು ವರ್ಷ ಮನೆಯಲ್ಲಿ ಕುಳಿತು ಮತ್ತೆ ಪರೀಕ್ಷೆ ಬರೆಯಬೇಕೋ ಅಥವಾ ಈ ಆಸೆಯನ್ನು ಇಲ್ಲಿಗೇ ಬಿಟ್ಟು ಡಿಗ್ರಿಗೆ ಸೇರಬೇಕೋ, ಇವತ್ತು ಸಂಜೆ ಅಪ್ಪನಿಗೆ ಹೇಳಬೇಕಾಗಿದೆ. ಶಿಗ್ಗಾವಿಯ ಡಿಗ್ರಿ ಕಾಲೇಜಿನಲ್ಲಿ ನಾಳೆಗೆ ಪ್ರವೇಶ ಮುಗಿಯುತ್ತದೆ. ಉತ್ತರ ನನ್ನಲ್ಲಿ ಇನ್ನೂ ಇಲ್ಲ. ಏನಾಯಿತು ಎಂಬುದನ್ನು ಮೊದಲಿನಿಂದ ಬರೆದರೆ ಸಿಕ್ಕೀತು ಎಂದು ಕುಳಿತಿದ್ದೇನೆ.

ಹೈಸ್ಕೂಲಿನವರೆಗೆ ನಾನು ಕನ್ನಡದಲ್ಲಿ ಓದಿದವಳು. ಹತ್ತನೆಯ ತರಗತಿಯಲ್ಲಿ ಹೃದಯದ ಚಿತ್ರವನ್ನು ಪುಸ್ತಕ ನೋಡದೆ ಬಿಡಿಸುತ್ತಿದ್ದೆ. ನಾಲ್ಕು ಕೋಣೆ, ಕವಾಟಗಳು, ಬಾಣದ ಗುರುತುಗಳು, ಒಂದೂ ತಪ್ಪುತ್ತಿರಲಿಲ್ಲ. ನಮ್ಮ ವಿಜ್ಞಾನದ ಅಕ್ಕೋರು ಆ ಚಿತ್ರವನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿ, "ಈಕಿ ಡಾಕ್ಟ್ರ ಆಗ್ತಾಳ ನೋಡ್ರಿ" ಅಂದಿದ್ದರು. ಅವರು ಹುಡುಗರನ್ನು ಹುರಿದುಂಬಿಸಲು ಹತ್ತು ಮಾತು ಆಡುತ್ತಿದ್ದರು, ಅದರಲ್ಲಿ ಇದೂ ಒಂದು. ನಾನು ಮಾತ್ರ ಅದನ್ನು ಮನೆಗೆ ತಂದೆ. ಅಪ್ಪ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ, "ಅದಕ್ಕ ಸೈನ್ಸ್ ತಗೋಬೇಕಂತಲ್ಲ, ತಗೋ" ಎಂದಿದ್ದ.

ಶಿಗ್ಗಾವಿಯ ಕಾಲೇಜಿಗೆ ಸೇರಿದ ಮೊದಲ ವಾರ ನಾಲ್ಕೂ ಪುಸ್ತಕಗಳನ್ನು ಮುಂದಿಟ್ಟುಕೊಂಡು ಪಾಠಗಳನ್ನು ಎಣಿಸಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಸೇರಿ ಐವತ್ತು ದಾಟಿತು. ಎಲ್ಲವೂ ಇಂಗ್ಲಿಷಿನಲ್ಲಿ. ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿದರೆ ಎಂಟಕ್ಕೆ ಮೊದಲೇ ಶಿಗ್ಗಾವಿ. ಕಾಲೇಜು ಶುರುವಾಗುವುದು ಒಂಬತ್ತೂವರೆಗೆ. ಮಧ್ಯಾಹ್ನದವರೆಗೆ ಪಾಠ, ವಾರದಲ್ಲಿ ಮೂರು ದಿನ ಊಟದ ಮೇಲೆ ಲ್ಯಾಬು, ಶನಿವಾರ ಕಿರುಪರೀಕ್ಷೆ. ಸಂಜೆ ಬಸ್ಸಿಗೆ ಕಾದು ಮನೆ ಮುಟ್ಟುವ ಹೊತ್ತಿಗೆ ದೀಪ ಹಚ್ಚುವ ಸಮಯ. ಪ್ರತಿ ಲ್ಯಾಬಿಗೂ ಒಂದು ರೆಕಾರ್ಡ್ ಬರೆಯಬೇಕು. ಜೀವಶಾಸ್ತ್ರದ ರೆಕಾರ್ಡಿನಲ್ಲಿ ಚಿತ್ರ, ಭೌತಶಾಸ್ತ್ರದ ರೆಕಾರ್ಡಿನಲ್ಲಿ ಕೋಷ್ಟಕ, ಗ್ರಾಫು. ಒಂದು ವಾರದ ಕೆಲಸ ಮುಗಿಯುವ ಮೊದಲೇ ಇನ್ನೊಂದು ವಾರದ್ದು ಬಂದು ಮೇಲೆ ಬೀಳುತ್ತಿತ್ತು. ಪಕ್ಕದಲ್ಲಿ ಕುಳಿತವರು ಒಬ್ಬೊಬ್ಬರೇ ಕಲಾ ವಿಭಾಗಕ್ಕೆ ಬದಲಾಯಿಸಿಕೊಂಡು ಹೋದರು. ದಸರಾ ರಜೆಗೆ ಮೊದಲೇ ಏಳು ಮಂದಿ ಹೋಗಿದ್ದರು.

ನನ್ನ ಬೆಂಚಿನಲ್ಲಿ ಉಳಿದವಳು ಬಂಕಾಪುರದ ಹುಡುಗಿ. ಅವಳೂ ಕನ್ನಡದಲ್ಲಿ ಓದಿ ಬಂದವಳೇ, ಅವಳ ಮನೆಯವರೂ ಹೊಲದವರೇ. ಅವಳ ಬಸ್ಸು ಹೆದ್ದಾರಿಯಲ್ಲಿ ಬರುತ್ತಿದ್ದುದರಿಂದ ನನಗಿಂತ ಮೊದಲು ತಲುಪಿ ಬಸ್ ನಿಲ್ದಾಣದ ಕಲ್ಲಿನ ಕಟ್ಟೆಯ ಮೇಲೆ ಜಾಗ ಹಿಡಿದಿರುತ್ತಿದ್ದಳು. ಲೆಕ್ಕ ಮಾಡುವಾಗ ಮೊದಲು ತೋರುಬೆರಳಿನಿಂದ ಗಾಳಿಯಲ್ಲಿ ಬರೆದುಕೊಳ್ಳುತ್ತಿದ್ದಳು, ಆಮೇಲೆ ಹಾಳೆಯಲ್ಲಿ. ಚಿತ್ರ ಬಿಡಿಸಲು ಮಾತ್ರ ಕೈ ಬಾರದು. ಅವಳು ಬಿಡಿಸಿದ ಕಪ್ಪೆಯನ್ನು ನೋಡಿ ನಾನು ಗೆಣಸು ಎಂದುಕೊಂಡಿದ್ದೆ.

ಮೊದಲ ಕಿರುಪರೀಕ್ಷೆಯಲ್ಲಿ ನನಗೆ ಭೌತಶಾಸ್ತ್ರದಲ್ಲಿ ಐವತ್ತಕ್ಕೆ ಒಂಬತ್ತು ಬಂತು. ಅವಳಿಗೆ ಜೀವಶಾಸ್ತ್ರದಲ್ಲಿ ಹನ್ನೊಂದು. ಆ ಸಂಜೆ ಕಟ್ಟೆಯ ಮೇಲೆ ಇಬ್ಬರೂ ಉತ್ತರ ಪತ್ರಿಕೆ ಮಡಚಿ ಹಿಡಿದುಕೊಂಡು ಕುಳಿತಿದ್ದೆವು.

"ನಿನ್ನವು ಒಂಬತ್ತ, ನನ್ನವು ಹನ್ನೊಂದ. ಕೂಡಿದ್ರ ಇಪ್ಪತ್ತಾತು. ಪಾಸಾದ್ವಿ ನೋಡಲೇ," ಅಂದಳು.

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. "ನಾಲ್ಕೂ ನನ್ನ ಕೈಲೆ ಆಗೂದಿಲ್ಲ. ಕೆಮಿಸ್ಟ್ರಿ, ಬಯಾಲಜಿ ಅಂದ್ರ ಹೆಂಗರ ಮಾಡ್ತೇನಿ. ಉಳಿದ ಎರಡು ನಂಗ ತಿಳಿಯೂದ ಇಲ್ಲ."

"ನಂಗ ಆ ಎರಡು ತಿಳಿತಾವ. ನಿನ್ನ ಎರಡು ತಿಳಿಯೂದಿಲ್ಲ."

ಅವತ್ತೂ ಅವ್ವ ಮುಯ್ಯಿಗೆ ಹೋಗಿದ್ದಳು. ಮನೆಗೆ ಹೋದರೆ ಒಲೆ ನಾನೇ ಹಚ್ಚಬೇಕು ಎಂಬುದು ನೆನಪಾಗಿ ಅದನ್ನು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಹಂಗಾರ ನಾವೂ ಮುಯ್ಯಿ ಮಾಡೂನೇನ? ನಿನ್ನ ಫಿಸಿಕ್ಸಿಗೆ ನಾ ಬರ್ತೇನಿ. ನನ್ನ ಬಯಾಲಜಿಗೆ ನೀ ಬಾ."

ಭೌತಶಾಸ್ತ್ರ, ಗಣಿತ ಅವಳ ಪಾಲು. ರಸಾಯನಶಾಸ್ತ್ರ, ಜೀವಶಾಸ್ತ್ರ ನನ್ನ ಪಾಲು. ಪ್ರತಿಯೊಬ್ಬರೂ ತಮ್ಮ ಎರಡು ವಿಷಯಗಳನ್ನು ಪೂರ್ತಿ ಓದಿ, ಇನ್ನೊಬ್ಬಳಿಗೆ ಬೇಕಾದಷ್ಟನ್ನು ಸಿದ್ಧ ಮಾಡಿ ಕೊಡಬೇಕು. ಬೆಳಿಗ್ಗೆ ಕಾಲೇಜಿಗೆ ಮೊದಲು ಅವಳ ಪಾಠ, ಸಂಜೆ ಬಸ್ಸು ಬರುವವರೆಗೆ ನನ್ನ ಪಾಠ. ಅವಳು ಬಿಡಿಸಿದ ಲೆಕ್ಕಗಳನ್ನು ನಾನು ಇಳಿಸಿಕೊಳ್ಳುತ್ತಿದ್ದೆ. ನಾನು ಇಬ್ಬರ ರೆಕಾರ್ಡಿಗೂ ಚಿತ್ರ ಬಿಡಿಸುತ್ತಿದ್ದೆ, ಅವಳು ಇಬ್ಬರಿಗೂ ಗ್ರಾಫು ಎಳೆಯುತ್ತಿದ್ದಳು. ನಮ್ಮ ಊರುಗಳಲ್ಲಿ ಹುಟ್ಟಿದ ಯಾರಿಗೇ ಆಗಲಿ ಇದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಮೋಸ ಅಂತೂ ಅಲ್ಲವೇ ಅಲ್ಲ. ಕೆಲಸಕ್ಕೆ ಕೆಲಸ.

ಬಸ್ಸುಗಳ ವೇಳೆ ನೋಡಿಕೊಂಡು ಮೈಕಿನಲ್ಲಿ ಕೂಗುವ ಕಂಟ್ರೋಲರ್ ಒಬ್ಬರಿದ್ದರು. ಅವರ ಕಿಟಕಿ ನಮ್ಮ ಕಟ್ಟೆಯ ಎದುರಿಗೇ. ಕೆಲವು ದಿನ ನೋಡಿ ಕೊನೆಗೆ ಒಮ್ಮೆ ಕೇಳಿಯೇಬಿಟ್ಟರು. ನಾವು ಹೇಳಿದೆವು. ಅವರಿಗೆ ಬಹಳ ಹಿಡಿಸಿತು.

"ಏನವಾ ಡಾಕ್ಟ್ರ, ಇವತ್ತ ಯಾರ ಹೊಲದಾಗ ಕೆಲಸಾ?" ಎಂದು ದಿನಾ ಕೇಳುವರು.

"ಇವತ್ತ ಈಕಿ ಹೊಲದಾಗ್ರಿ. ಭಾಳ ಕಳೆ ಐತ್ರಿ," ಎಂದು ನನ್ನನ್ನು ತೋರಿಸಿ ಗೆಳತಿ ಹೇಳುವಳು.

"ಚೊಲೋ ಆತು. ದುಂಡಸಿ ಬಸ್ ಇಪ್ಪತ್ತ ನಿಮಿಷ ಲೇಟ್ ಐತಿ. ಬಗ್ಗಿ ಕಳೆ ತಗೀರಿ."

ಮುಯ್ಯಿ ಫಲ ಕೊಟ್ಟಿತು ಎಂದೇ ಅನಿಸಿತು. ಅವಳು ಬಿಡಿಸಿಕೊಟ್ಟ ಲೆಕ್ಕಗಳನ್ನು ನಾನು ಪದ್ಯ ಬಾಯಿಪಾಠ ಮಾಡುವಂತೆ ಮಾಡಿಕೊಂಡೆ, ಅಂಕಿಗಳ ಸಮೇತ. ಕಾಲೇಜಿನ ಪರೀಕ್ಷೆಗಳಲ್ಲಿ ಅವೇ ಲೆಕ್ಕಗಳು ಬರುತ್ತಿದ್ದವು. ಒಂಬತ್ತು ಇದ್ದದ್ದು ಇಪ್ಪತ್ತೆಂಟಾಯಿತು, ಆಮೇಲೆ ಮೂವತ್ತೈದು. ಜೀವಶಾಸ್ತ್ರದಲ್ಲಿ ಅವಳ ಹನ್ನೊಂದು ಮೂವತ್ತು ದಾಟಿತು. ಒಂದನ್ನೂ ಬಿಡದೆ ನನ್ನ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಅಂಕಗಳು ಏರುತ್ತಿರುವಾಗ ಯಾರೂ ಬೇರೆ ಏನನ್ನೂ ನೋಡುವುದಿಲ್ಲ.

ಎರಡನೆಯ ವರ್ಷದ ಆಷಾಢದಲ್ಲಿ ಒಂದು ಮಧ್ಯಾಹ್ನ ಭೌತಶಾಸ್ತ್ರದ ಸರ್ ನನ್ನನ್ನು ಬೋರ್ಡಿಗೆ ಕರೆದರು. ವಿದ್ಯುತ್ ಪ್ರವಾಹದ ಒಂದು ಲೆಕ್ಕ. ಬೋರ್ಡಿನ ಮೇಲಿದ್ದ ಸರ್ಕ್ಯೂಟಿನ ಚಿತ್ರ ನೋಡಿದ ಕೂಡಲೇ ಗುರುತು ಸಿಕ್ಕಿತು. ಸರಸರ ಬರೆದು ಮುಗಿಸಿ ಉತ್ತರದ ಕೆಳಗೆ ಎರಡು ಗೆರೆ ಎಳೆದೆ. ಸರ್ ಬಹಳ ಹೊತ್ತು ಬೋರ್ಡನ್ನೇ ನೋಡಿದರು.

"ನಾ ಅಂಕಿ ಬದಲಿ ಮಾಡೀನಲ್ಲವಾ. ಪ್ರಶ್ನಿ ಬದಲಾತು, ನಿನ್ನ ಉತ್ತರ ಬದಲಾಗಲಿಲ್ಲ?"

ತರಗತಿ ನಕ್ಕಿತು. ಗೆಳತಿ ನಗಲಿಲ್ಲ, ಡೆಸ್ಕಿನ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದಳು. ಸಂಜೆ ಅವಳು ಆ ಲೆಕ್ಕವನ್ನು ಹೊಸ ಅಂಕಿ ಹಾಕಿ ಬಿಡಿಸಿ ಕೊಟ್ಟಳು. ನಾನು ಅದನ್ನೂ ಬಾಯಿಪಾಠ ಮಾಡಿದೆ. ಅವಮಾನವಾಯಿತು ಎಂದು ಡೈರಿಯಲ್ಲಿ ಆ ದಿನದ ಮುಂದೆ ಬರೆದುಕೊಂಡೆನೇ ಹೊರತು ಇದು ಮುನ್ಸೂಚನೆ ಎಂದು ಹೊಳೆಯಲಿಲ್ಲ.

ಹೊಳೆದದ್ದು ಪ್ರಾಯೋಗಿಕ ಪರೀಕ್ಷೆಯ ದಿನ.

ಭೌತಶಾಸ್ತ್ರದ ಲ್ಯಾಬಿನಲ್ಲಿ ನಮ್ಮಿಬ್ಬರದು ಒಂದೇ ಮೇಜು. ಮಸೂರದ ಪ್ರಯೋಗ ಅಂದರೆ ಒಂದು ಉದ್ದನೆಯ ಪಟ್ಟಿ, ನಡುವೆ ಮಸೂರ, ಆಚೆಗೊಂದು ಈಚೆಗೊಂದು ನಿಲ್ಲಿಸಿದ ಸೂಜಿ. ಒಂದು ಕಣ್ಣು ಮುಚ್ಚಿ, ಮಸೂರದೊಳಗೆ ತಲೆಕೆಳಗಾಗಿ ಕಾಣುವ ಆಚೆಯ ಸೂಜಿಯ ಬಿಂಬಕ್ಕೆ ಈಚೆಯ ಸೂಜಿಯನ್ನು ಸರಿಯಾಗಿ ಹೊಂದಿಸಬೇಕು. ಹೊಂದಿದಾಗ ದೂರ ಅಳೆಯಬೇಕು. ಎರಡು ವರ್ಷವೂ ಕಣ್ಣಿಟ್ಟವಳು ಅವಳು. "ಇಪ್ಪತ್ತೊಂದು ಪಾಯಿಂಟ್ ನಾಲ್ಕು, ಬರ್ಕೋ," ಅನ್ನುವಳು. ನಾನು ಬರೆಯುವೆ. ನನ್ನ ಅಕ್ಷರ ಚೆನ್ನಾಗಿತ್ತು. ಜೀವಶಾಸ್ತ್ರದ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವವಳು ನಾನು, ಬರೆಯುವವಳು ಅವಳು.

ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೇಜು. ನನಗೆ ಬಂದದ್ದು ಮಸೂರವೇ. ರೆಕಾರ್ಡಿನ ಅಂಕಿಗಳು ಬಾಯಿಪಾಠವಾಗಿದ್ದವು. ಅವನ್ನೇ ಅಲ್ಪಸ್ವಲ್ಪ ಬದಲಿಸಿ ಕೋಷ್ಟಕ ತುಂಬಿಸಿದೆ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಹಾಳೆ ನೋಡಿ ತಲೆಯಾಡಿಸಿದರು. ಆಮೇಲೆ ಏನನಿಸಿತೋ, ಈಚೆಯ ಸೂಜಿಯನ್ನು ಸ್ವಲ್ಪ ಸರಿಸಿ, "ಈಗ ಹೊಂದಸು ನೋಡೂನು" ಅಂದರು.

ಬಗ್ಗಿದೆ. ಒಂದು ಕಣ್ಣು ಮುಚ್ಚಿದೆ. ಗಾಜು ಕಂಡಿತು, ಅದರಾಚೆ ಸುಣ್ಣದ ಗೋಡೆ ಕಂಡಿತು. ಸೂಜಿಯ ಬಿಂಬ ಕಾಣಲಿಲ್ಲ. ಕಣ್ಣನ್ನು ಎಷ್ಟು ದೂರ ಇಡಬೇಕು ಎಂಬುದೂ ನನಗೆ ಗೊತ್ತಿರಲಿಲ್ಲ.

"ಬಿಂಬ ಎಲ್ಲೈತಿ?"

"ಕಾಣವಲ್ದ್ರಿ ಸರ್."

"ಮತ್ತ ಇಷ್ಟೆಲ್ಲಾ ಹೆಂಗ ಬರದಿ?"

ಅವರು ಸಿಟ್ಟು ಮಾಡಲಿಲ್ಲ. ಮುಂದಿನ ಮೇಜಿಗೆ ಹೋದರು. ಸಿಟ್ಟು ಮಾಡಿದ್ದರೆ ಅಳಬಹುದಿತ್ತು.

ಅವತ್ತೇ ಮಧ್ಯಾಹ್ನ ಅವಳದು ಜೀವಶಾಸ್ತ್ರ. ಸಂಜೆ ಕಟ್ಟೆಗೆ ಬಂದವಳು ಚೀಲ ಇಟ್ಟು ನನ್ನ ಪಕ್ಕ ಕುಳಿತಳು.

"ಲೇ, ಆ ಮಷೀನಿನಾಗ ಕಪ್ಪು ಕಪ್ಪು ಕಡ್ಡಿ ಕಂಡುವಲೇ. ಎಷ್ಟ ತಿರುವಿದ್ರೂ ಅವ."

"ಕಣ್ಣ ಮಿಟುಕಿಸಿದಾಗ ಅಲ್ಲಾಡಿದುವಾ?"

"ಹೂಂ, ಅಲ್ಲಾಡಿದುವು."

"ಅವು ನಿನ್ನ ಕಣ್ಣರೆಪ್ಪಿ ಕೂದಲಾ."

ಅವಳು ತನ್ನ ರೆಪ್ಪೆ ಮುಟ್ಟಿ ನೋಡಿಕೊಂಡಳು. "ನಾ ಅವನ್ನ ಜೀವಕೋಶ ಅಂತ ಬರದ್ನಿ. ಚಿತ್ರಾನೂ ತಗದ್ನಿ."

ಇಬ್ಬರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಂಟ್ರೋಲರ್ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು. ಆ ಹೊತ್ತಿಗೆ ಪಿಯುಸಿ ಪರೀಕ್ಷೆಗೆ ಕೆಲವೇ ವಾರ ಉಳಿದಿದ್ದವು, ನೀಟ್‌ಗೆ ಎರಡೂವರೆ ತಿಂಗಳು. ಎರಡು ವರ್ಷದ ಎರಡು ವಿಷಯಗಳನ್ನು ಹೊಸದಾಗಿ ಕಲಿಯಲು ಅಷ್ಟು ದಿನ ಸಾಲುವುದಿಲ್ಲ ಎಂದು ಲೆಕ್ಕ ಹಾಕಿ ನೋಡಿದೆ. ಹಾಗಾಗಿ ಹಳೆಯದನ್ನೇ ಮುಂದುವರಿಸಿದೆವು. ಬೇರೆ ದಾರಿ ಕಾಣಲಿಲ್ಲ.

ಪಿಯುಸಿಯಲ್ಲಿ ಇಬ್ಬರಿಗೂ ಫಸ್ಟ್ ಕ್ಲಾಸ್ ಬಂತು. ಅಲ್ಲಿ ಬಾಯಿಪಾಠ ನಡೆಯಿತು. ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ನಾನೂ ಒಂದು ತಿಂದೆ. ಅದರ ರುಚಿ ನನಗೆ ನೆನಪಿಲ್ಲ.

ನೀಟ್ ಬರೆದದ್ದು ಮೇ ತಿಂಗಳ ಮೊದಲ ರವಿವಾರ, ಹಾವೇರಿಯಲ್ಲಿ. ಬಾಗಿಲಲ್ಲಿ ಕೂದಲಿನ ಪಿನ್ನು ತೆಗೆಸಿದರು. ಅಪ್ಪ ಹೊರಗೆ ಬೇವಿನ ಮರದ ಕೆಳಗೆ ನೀರಿನ ಬಾಟಲಿ ಹಿಡಿದು ನಿಂತ. ಜೀವಶಾಸ್ತ್ರವನ್ನು ಮೊದಲು ಮುಗಿಸಿದೆ, ಕೈ ಎಲ್ಲಿಯೂ ನಿಲ್ಲಲಿಲ್ಲ. ರಸಾಯನಶಾಸ್ತ್ರದಲ್ಲಿ ಅಲ್ಲಲ್ಲಿ ನಿಂತು ದಾಟಿತು. ಆಮೇಲೆ ಭೌತಶಾಸ್ತ್ರ, ನಲವತ್ತೈದು ಪ್ರಶ್ನೆ. ಓದುತ್ತಾ ಹೋದೆ. ಎಲ್ಲವೂ ಎಲ್ಲೋ ನೋಡಿದ ಮುಖಗಳು. ಮದುವೆಯಲ್ಲಿ ಯಾರೋ ಬಂದು, "ನನ್ನ ಗುರುತ ಸಿಗಲಿಲ್ಲೇನವಾ?" ಎಂದಾಗ ಆಗುತ್ತದಲ್ಲ, ಹಾಗೆ. ನೋಡಿದ್ದೇನೆ, ಯಾರೆಂದು ಗೊತ್ತಿಲ್ಲ. ಏಳು ಪ್ರಶ್ನೆ ಬಿಡಿಸಿದೆ. ಸರಿ ಬಂದದ್ದು ಮೂರು ಎಂದು ಆಮೇಲೆ ತಿಳಿಯಿತು. ಕೊನೆಯ ಅರ್ಧ ಗಂಟೆ ಪೆನ್ನು ಕೆಳಗಿಟ್ಟು, ಅವಳು ಗಾಳಿಯಲ್ಲಿ ಬೆರಳಾಡಿಸುವುದನ್ನು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದೆ. ಬೆರಳು ನೆನಪಾಯಿತು. ಅದು ಏನು ಬರೆಯುತ್ತಿತ್ತು ಎಂಬುದು ನೆನಪಾಗಲಿಲ್ಲ.

ಫಲಿತಾಂಶ ಬಂದ ಮರುದಿನ ಇಬ್ಬರೂ ಶಿಗ್ಗಾವಿಯ ಕಟ್ಟೆಯ ಮೇಲೆ ಸೇರಿದೆವು. ಫೋನಿನಲ್ಲಿ ಅಂಕ ತೆಗೆದು ಅಕ್ಕಪಕ್ಕ ಹಿಡಿದೆವು. ಜೀವಶಾಸ್ತ್ರದಲ್ಲಿ ನಾನು ಮೇಲೆ, ಅವಳು ತಳದಲ್ಲಿ. ಭೌತಶಾಸ್ತ್ರದಲ್ಲಿ ಅವಳು ಮೇಲೆ, ನಾನು ತಳದಲ್ಲಿ. ಕಂಟ್ರೋಲರ್ ಕಿಟಕಿ ಬಿಟ್ಟು ಹೊರಗೆ ಬಂದರು. ಬಗ್ಗಿ ಎರಡೂ ಫೋನು ನೋಡಿದರು.

"ಎರಡೂ ಕೂಡಸ್ರಲಾ. ಒಬ್ಬಾಕಿ ಡಾಕ್ಟ್ರ ಆಗ್ತಾಳ."

ಯಾರೂ ನಗದಿದ್ದುದನ್ನು ನೋಡಿ ಅವರಿಗೇ ಕೆಟ್ಟದೆನಿಸಿತು. "ಅಲ್ಲವಾ, ಹಂಗ ಅಂದ್ನಿ. ಬ್ಯಾಸರ ಮಾಡ್ಕೋಬ್ಯಾಡ್ರಿ," ಎನ್ನುತ್ತಾ ಒಳಗೆ ಹೋಗಿ ಸವಣೂರಿನ ಬಸ್ಸು ಕೂಗಿದರು. ಆ ಬಸ್ಸು ಬಂದು ಆಗಲೇ ನಿಂತಿತ್ತು.

ಗೆಳತಿ ಅಲ್ಲೇ ಹೇಳಿದಳು. "ನಂಗ ಸಾಕಾತಲೇ. ಮಾಸೂರಾಗ ನಮ್ಮಕ್ಕ ಅದಾಳ. ಅಲ್ಲಿದ್ದು ಹಿರೇಕೆರೂರಾಗ ಡಿಗ್ರಿ ಮಾಡ್ತೇನಿ. ಫಿಸಿಕ್ಸ್, ಮ್ಯಾಥ್ಸ್."

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ನಾವು ಮುಯ್ಯಿಗೆ ಓದಿದ ವಿಷಯ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು:

"ಹಂಗಾರ ಆಕಿ ನಿನ್ನ ಪಾಳಿಗೆ ಬರಲಿಲ್ಲೇನ?"

"ಬಂದಾಳವ್ವ. ಒಂದ ದಿನಾನೂ ತಪ್ಪಿಸಿಲ್ಲ."

"ನೀನೂ ಹೋಗೀ?"

"ಹೋಗೇನಿ."

"ಮತ್ತ ಬೆಳಿ ಎಲ್ಲಿ ಹೋತು?"

ಅವಳು ನಿಜವಾಗಿಯೂ ಗೊತ್ತಾಗದೆ ಕೇಳುತ್ತಿದ್ದಳು. ನನ್ನನ್ನು ನೋಡಿದಳು, ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅವಳ ಲೆಕ್ಕದಲ್ಲಿ ಇದು ಆಗಬಾರದ್ದು. ಹೊಲದಲ್ಲಿ ಯಾರೇ ಬಿತ್ತಲಿ, ಬೆಳೆ ಹೊಲದವರ ಹೆಸರಿಗೇ ಬರುತ್ತದೆ. ಓದಿನಲ್ಲಿ ಹಾಗಲ್ಲ. ಗೆಳತಿ ನನಗಾಗಿ ಬಿತ್ತಿದ್ದೆಲ್ಲ ಅವಳ ತಲೆಯಲ್ಲೇ ಬೆಳೆಯಿತು. ನಾನು ಅವಳಿಗಾಗಿ ಬಿತ್ತಿದ್ದು ನನ್ನ ತಲೆಯಲ್ಲಿ. ಇಷ್ಟು ಸರಳವಾದದ್ದು ನಮಗಿಬ್ಬರಿಗೂ ಎರಡು ವರ್ಷ ಗೊತ್ತಾಗಲಿಲ್ಲ.

ಅಪ್ಪ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ: ಮನೆಯಲ್ಲಿ ಕುಳಿತು, ಕೋಚಿಂಗಿಗೆ ಹೋಗದೆ, ಈ ಒಂದು ವಿಷಯವನ್ನು ತಾವೇ ಕಲಿತು ಪಾಸಾದವರು ಯಾರಾದರೂ ಇದ್ದಾರೆಯೇ? ಇದ್ದರೆ ನೀನೂ ಕುಳಿತುಕೋ. ಹುಬ್ಬಳ್ಳಿ, ಮಂಗಳೂರು ಕಡೆಯ ಕೋಚಿಂಗಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಗದ್ದು ಎಂದು ಇಬ್ಬರಿಗೂ ಗೊತ್ತಿತ್ತು.

ಹುಡುಕಲು ಹೊರಟೆ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಹರಿದುಕೊಡುವ ಸೊನ್ನೆಯ ಟಿಕೆಟ್ಟುಗಳು ಈಗ ನನ್ನ ಬಳಿ ಹದಿನಾರು ಇವೆ. ಮೊದಲು ಹೋದದ್ದು ಹಾನಗಲ್ಲಿಗೆ. ಅಲ್ಲಿಯ ಒಬ್ಬ ಹುಡುಗಿ ಮನೆಯಲ್ಲೇ ಓದಿ ಸೀಟು ತೆಗೆದುಕೊಂಡಿದ್ದಾಳೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಮನೆ ಸಿಕ್ಕಿತು. ಹುಡುಗಿ ಇರಲಿಲ್ಲ, ಅವಳ ತಾಯಿ ಚಹಾ ಕೊಟ್ಟರು.

"ಮನ್ಯಾಗ ಓದಿದ್ಲಂತ ಯಾರ ಹೇಳಿದ್ರವಾ ನಿಂಗ? ಎರಡ ವರ್ಷ ಮಂಗ್ಳೂರ ಕಡೆ ಹಾಸ್ಟೆಲಿನಾಗ ಇಟ್ಟಿದ್ವಿ. ಹಬ್ಬಕ್ಕೂ ಬರ್ಲಿಲ್ಲ ಕೂಸು."

ಸವಣೂರಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಒಬ್ಬ ಸರ್ ಇದ್ದಾರೆ ಎಂದು ತಿಳಿದು ಅಲ್ಲಿಗೂ ಹೋದೆ. ಅವರು ಒಳ್ಳೆಯವರು. ಕುರ್ಚಿ ಕೊಟ್ಟು ಕೂರಿಸಿ, "ಒಬ್ಬಾಕಿಗಾಗಿ ಬ್ಯಾಚ್ ಹೆಂಗ ಮಾಡ್ಲೆವಾ? ಇನ್ನ ಐದ ಮಂದೀನ ಕರ್ಕೊಂಡ ಬಾ, ಮಾಡೂನು," ಅಂದರು. ನಮ್ಮ ತರಗತಿಯವರಿಗೆಲ್ಲ ಫೋನು ಮಾಡಿದೆ. ಮತ್ತೆ ನೀಟ್ ಬರೆಯುವವರು ಇಬ್ಬರು ಸಿಕ್ಕರು, ಒಂದು ವಾರದ ಮೇಲೆ ಅದರಲ್ಲಿ ಒಬ್ಬಳು ನರ್ಸಿಂಗಿಗೆ ಸೇರಿದಳು. ಮನೆಯಲ್ಲಿ ಕುಳಿತು ಪಾಸಾದವರು ಈ ಕಡೆ ಯಾರಾದರೂ ಗೊತ್ತೇ ಎಂದು ಸರ್‌ಗೆ ಕೇಳಿದೆ. "ಇರಬೇಕವಾ. ನಂಗ ಯಾರೂ ನೆನಪಾಗವಲ್ರು," ಅಂದರು.

ಕಳೆದ ಮಂಗಳವಾರ ಮಾಸೂರಿಗೆ ಹೋದೆ. ಹಾವೇರಿಯಲ್ಲಿ ಒಂದು ಬಸ್ಸು, ಹಿರೇಕೆರೂರಿನಲ್ಲಿ ಇನ್ನೊಂದು ಬಸ್ಸು ಬದಲಿಸಿದೆ. ಗೆಳತಿ ನಿಲ್ದಾಣದಲ್ಲಿ ನಿಂತಿದ್ದಳು. ಅವಳ ಅಕ್ಕನ ಮನೆಯಲ್ಲಿ ಊಟ ಮಾಡಿ ಮದಗದ ಕೆರೆಯ ಕಡೆ ನಡೆದೆವು. ಕೆಳಗಿನ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ನಾಟಿ ಮಾಡುತ್ತಿದ್ದರು. ಮೋಡ ಮುಚ್ಚಿದ ಮಧ್ಯಾಹ್ನ, ಕೆರೆಯ ನೀರು ತಗಡಿನ ಬಣ್ಣದ್ದಾಗಿತ್ತು.

"ಇನ್ನೊಮ್ಮೆ ಬರಿಯೂನು, ಇಬ್ಬರೂ," ಅಂದೆ.

"ಇಲ್ಲಲೇ. ನಿನ್ನ ಕೂಡ ಕುಂತಾಗ ನಂಗೂ ಡಾಕ್ಟ್ರ ಆಗಬೇಕ ಅನಸ್ತಿತ್ತು. ಇಲ್ಲಿ ಬಂದ ಮ್ಯಾಲೆ ಒಮ್ಮೇನೂ ಅನಸಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ನಾನು ಆ ಸೂಜಿಯ ವಿಷಯ ಎತ್ತಿದೆ. ಆರು ತಿಂಗಳಾದರೂ ಅದು ನನ್ನನ್ನು ಬಿಟ್ಟಿರಲಿಲ್ಲ. ಅವಳು ಬದುವಿನ ಜಾಲಿಗಿಡದಿಂದ ಎರಡು ಉದ್ದ ಮುಳ್ಳು ಮುರಿದು ತಂದು, ಏರಿಯ ಹಸಿ ಮಣ್ಣಿನಲ್ಲಿ ಒಂದರ ಹಿಂದೆ ಒಂದು ನೆಟ್ಟಳು.

"ಕೂಡು. ಬಗ್ಗು. ಒಂದ ಕಣ್ಣ ಮುಚ್ಚು. ಈಗ ತಲಿ ಆಕಡೆ ಈಕಡೆ ಅಲ್ಲಾಡಸು. ಯಾವುದ ಜೋರ ಸರೀತೈತಿ?"

"ಮುಂದಿಂದು."

"ನಾ ಹೇಳಿದ್ನೋ, ನೀ ನೋಡಿದ್ಯೋ?"

"ನಾ ನೋಡಿದ್ನಿ."

"ಈಗ ಹಿಂದಿಂದ ತಂದು ಮುಂದಿಂದರ ಹಂತೇಕ ಹಚ್ಚು. ಎರಡೂ ಕೂಡೇ ಸರೀಬೇಕು. ಅಲ್ಲೀತನಕ ಸರಸ್ತಾ ಹೋಗು. ನಾ ಮುಟ್ಟೂದಿಲ್ಲ."

ಅವಳು ಕೈ ಹಿಂದೆ ಕಟ್ಟಿಕೊಂಡು ನಿಂತಳು. ಎಷ್ಟು ಹೊತ್ತು ಹಿಡಿಯಿತೋ, ಅವತ್ತು ಗಡಿಯಾರ ನೋಡಲಿಲ್ಲ. ಮೊಣಕಾಲು ಕೆಸರಾದವು. ಒಂದು ಹಂತದಲ್ಲಿ ಎರಡು ಮುಳ್ಳುಗಳೂ ಒಂದಾಗಿ ಸರಿದವು. ಎರಡು ವರ್ಷ ನಾನು ಬರೆದುಕೊಂಡ ಅಂಕಿಗಳೆಲ್ಲ ಇದರವು ಎಂದು ಆಗ ತಿಳಿಯಿತು.

"ಕಂಡಿತಾ?"

"ಕಂಡಿತು."

"ಈಗ ನೀ ನಂಗ ಮುಯ್ಯಿ ತೀರಿಸಬೇಕಲ್ಲ," ಎಂದು ನಕ್ಕಳು.

"ಏನ ಕೊಡ್ಲಿ? ನಿಂಗ ಬಯಾಲಜಿ ಬ್ಯಾಡಾತು."

ಅವಳ ನಗು ಹಾಗೇ ಇಳಿಯಿತು. "ಹೌದಲ್ಲ," ಅಂದಳು. "ಬ್ಯಾಡಾತು."

ಹಿರೇಕೆರೂರಿನ ಬಸ್ಸು ಬರುವವರೆಗೆ ಇಬ್ಬರೂ ಬೇರೆ ಏನೇನೋ ಮಾತಾಡಿದೆವು. ಹತ್ತುವಾಗ, "ತಿಳೀಲಿಲ್ಲಂದ್ರ ಫೋನ್ ಮಾಡು," ಅಂದಳು. ಅಂದಿನಿಂದ ನಾನು ಮಾಡಿಲ್ಲ. ಮಾಡಿದರೆ ಅವಳು ಬಿಡಿಸಿ ಕಳಿಸುತ್ತಾಳೆ. ನಾನು ಮತ್ತೆ ಇಳಿಸಿಕೊಳ್ಳುತ್ತೇನೆ.

ಮರುದಿನ ಬುಧವಾರ ಭೌತಶಾಸ್ತ್ರದ ಪುಸ್ತಕವನ್ನು ಮೊದಲ ಪುಟದಿಂದ ತೆಗೆದೆ. ಹಳೆಯ ಬಿಡಿಸಿದ ಲೆಕ್ಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಬುಧವಾರದಿಂದ ನಿನ್ನೆಯವರೆಗೆ ನನ್ನ ಕೈಯಿಂದ ಬಿಡಿಸಿದ ಲೆಕ್ಕ ಹನ್ನೊಂದು. ಸರಿಯಾದವು ನಾಲ್ಕು. ಈ ವೇಗದಲ್ಲಿ ಹೋದರೆ ಮುಂದಿನ ಮೇ ತಿಂಗಳಿಗೆ ಅರ್ಧವೂ ಮುಗಿಯುವುದಿಲ್ಲ.

ಸಂಜೆ ಏಳೂ ಐದು. ನಡುವೆ ಬರೆಯುವುದನ್ನು ನಿಲ್ಲಿಸಿದ್ದೆ. ಸರಿ ಬಂದ ಆ ನಾಲ್ಕು ಲೆಕ್ಕಗಳನ್ನು ಯಾರೂ ಬಿಡಿಸಿಕೊಟ್ಟಿರಲಿಲ್ಲ ಎಂಬುದೇ ದಿನವಿಡೀ ನೆನಪಾಗುತ್ತಿತ್ತು.

ಅಪ್ಪ ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕುಳಿತಾಗ ಹೋಗಿ ಹೇಳಿದೆ. "ಇನ್ನೊಂದ ವರ್ಷ ಕುಂದರ್ತೇನಿ."

"ಯಾರರ ಸಿಕ್ಕಾರೇನ, ಹಂಗ ಪಾಸಾದವ್ರು?"

"ಇಲ್ಲ. ಯಾರೂ ಸಿಗ್ಲಿಲ್ಲ."

"ಯಾರ ಕೂಡ ಓದ್ತೀ?"

"ಒಬ್ಬಾಕೀನ."

"ಆಗ್ತೈತೇನ?"

"ಗೊತ್ತಿಲ್ಲ."

ಅಪ್ಪ ಬೀದಿಯ ಕಡೆ ನೋಡುತ್ತಾ ಕುಳಿತ. ಯಾರೂ ಸಿಕ್ಕಿಲ್ಲ ಎಂದ ಮೇಲೆ ಬೇಡ ಎನ್ನುವ ಹಕ್ಕು ಅವನಿಗಿತ್ತು. ಆ ಹೊತ್ತಿಗೆ ಅವ್ವ ಹೊಲದಿಂದ ಬಂದಳು, ಸೀರೆಯ ಅಂಚು ಮೊಣಕಾಲಿನವರೆಗೆ ಕೆಸರು. ಕುರ್ಪಿಯನ್ನು ಮೂಲೆಗೆ ಇಟ್ಟು ಒಳಗೆ ಹೋದಳು. ಆಮೇಲೆ ಅಪ್ಪ ಅಂದ: "ಇವತ್ತಿನ ತಾರೀಖ ಬರ್ಕೊಂಡಿಡು. ಮುಂದಿನ ವರ್ಷ ಇದ ದಿನ ಕೇಳ್ತೇನಿ."

ಬರೆದುಕೊಂಡಿದ್ದೇನೆ, ಈ ಬರಹದ ತಲೆಯ ಮೇಲೆಯೇ ಇದೆ. ಇವತ್ತು ಒಂದೂ ಲೆಕ್ಕ ಬಿಡಿಸಿಲ್ಲ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ನನಗೆ ಸಿಗದವರು ಇರಬಹುದು. ಕನ್ನಡದಲ್ಲಿ ಓದಿ ಬಂದು, ಮನೆಯಲ್ಲೇ ಕುಳಿತು, ಹೇಳಿಕೊಡುವವರಿಲ್ಲದೆ ಭೌತಶಾಸ್ತ್ರ ಕಲಿತು ನೀಟ್ ದಾಟಿದವರು ನೀವಾಗಿದ್ದರೆ, ಅಥವಾ ಅಂಥವರು ನಿಮಗೆ ಗೊತ್ತಿದ್ದರೆ, ದಯವಿಟ್ಟು ಬರೆದು ತಿಳಿಸಿ. ಯಾವ ಪಾಠದಿಂದ ಶುರು ಮಾಡಿದಿರಿ, ಒಂದು ಲೆಕ್ಕಕ್ಕೆ ಎಷ್ಟು ಹೊತ್ತು ಕೊಟ್ಟಿರಿ, ತಿಳಿಯದೆ ನಿಂತಾಗ ಯಾರನ್ನು ಕೇಳಿದಿರಿ, ಇಷ್ಟನ್ನು ಬರೆದರೆ ಸಾಕು. ಹಾಗೆ ಕುಳಿತು ದಾಟಲಾಗದೆ ಹೋದವರೂ ಬರೆಯಿರಿ. ಎಲ್ಲಿ ನಿಂತಿತು ಎಂಬುದು ನನಗೆ ಬೇಕು.